ಪ್ಲೇಟೈಮ್ ಪ್ರಕರಣ: ಜಾಕ್ ತಾತಿ ಮುಳುಗಿದ್ದು ಬರೀ ಸೆಟ್ಟಿನಿಂದಲ್ಲ

1974ರಲ್ಲಿ ಸ್ಪೆಕ್ತಾ ಫಿಲ್ಮ್ಸ್ ಎಂಬ ಫ್ರೆಂಚ್ ನಿರ್ಮಾಣ ಸಂಸ್ಥೆ ಬಾಗಿಲು ಹಾಕಿತು. ಅದರ ಕೈಲಿದ್ದ ಚಿತ್ರಗಳ ಹಕ್ಕನ್ನೆಲ್ಲ ಹರಾಜಿಗಿಟ್ಟಾಗ ಬಂದದ್ದು 1,20,000 ಫ್ರಾಂಕಿಗಿಂತ ಚೂರು ಹೆಚ್ಚು. ಇದೇ ಸಂಸ್ಥೆ ಕೆಲವೇ ವರ್ಷಗಳ ಹಿಂದೆ, ಒಂದೇ ಒಂದು ಚಿತ್ರದ ಸೆಟ್ಟಿಗೆ ಬಿರುಗಾಳಿ ಬಡಿದಾಗ, ಬರೀ ರಿಪೇರಿಗೆ 14 ಲಕ್ಷ ಫ್ರಾಂಕ್ ಸುರಿದಿತ್ತು. ಅಂದರೆ ಹರಾಜಿನಲ್ಲಿ ಹುಟ್ಟಿದ ದುಡ್ಡು ಆ ರಿಪೇರಿಯ ಹತ್ತನೇ ಒಂದು ಭಾಗಕ್ಕೂ ಸಾಲುತ್ತಿರಲಿಲ್ಲ.

ಸಂಸ್ಥೆಯ ಯಜಮಾನ ಫ್ರಾನ್ಸಿನ ಹಾಸ್ಯನಟ, ನಿರ್ದೇಶಕ ಜಾಕ್ ತಾತಿ. ಚಿತ್ರ 1967ರ ‘ಪ್ಲೇಟೈಮ್’. ಈ ಕತೆ ಹೇಳುವವರು ಸಾಮಾನ್ಯವಾಗಿ ‘ಹುಚ್ಚು ಕಲಾವಿದ, ಊರಷ್ಟು ದೊಡ್ಡ ಸೆಟ್, ದಿವಾಳಿ’ ಎಂದು ಮೂರೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಲೆಕ್ಕ ಬಿಡಿಸಿ ನೋಡಿದರೆ ಸೆಟ್ಟು ಇಲ್ಲಿ ಎರಡನೇ ಆರೋಪಿ. ಕೆಲಸ ಎಳೆದ ಕಾಲ, ಮತ್ತು ಹಾಕಿದ ಹಣ ವಾಪಸು ಬರಲೆಂದು ಇಟ್ಟುಕೊಂಡ ಒಂದೇ ಒಂದು ಇಕ್ಕಟ್ಟಿನ ದಾರಿ, ಇವು ಮೊದಲ ಆರೋಪಿಗಳು. ಅದು ಗೊತ್ತಾಗಬೇಕಾದರೆ ಇಪ್ಪತ್ತು ವರ್ಷ ಹಿಂದಿನ ಇನ್ನೊಂದು ಚಿತ್ರದಿಂದ ಶುರು ಮಾಡಬೇಕು.

ಎರಡು ಕ್ಯಾಮೆರಾ ಇದ್ದ ಕಾಲ

ತಾತಿಯ ಪೂರ್ತಿ ಹೆಸರು ಜಾಕ್ ತಾತಿಶೆಫ್. 1907ರ ಅಕ್ಟೋಬರ್ 9ರಂದು ಪ್ಯಾರಿಸ್ ಪಕ್ಕದ ಲ ಪೆಕ್‌ನಲ್ಲಿ ಹುಟ್ಟಿದ. ಅಪ್ಪನ ಕಡೆ ರಷ್ಯನ್ ರಕ್ತ, ಅಮ್ಮನ ಕಡೆ ಡಚ್ಚರು. ಚಿತ್ರಪಟಗಳಿಗೆ ಕಟ್ಟು ಹಾಕುವುದು ಮನೆತನದ ಕಸುಬು. ಹುಡುಗ ಅದನ್ನೇ ಕಲಿತ. ನಂತರ ರಗ್ಬಿ ಆಡಿದ. ಆಟ ಮುಗಿದ ಮೇಲೆ ಗೆಳೆಯರೆದುರು ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಸವಾರರನ್ನು ಮಾತಿಲ್ಲದೆ ನಟಿಸಿ ತೋರಿಸುತ್ತ ತೋರಿಸುತ್ತ ಮ್ಯೂಸಿಕ್ ಹಾಲ್ ವೇದಿಕೆ ಹತ್ತಿದ. ಸವಾರ ಮತ್ತು ಕುದುರೆ ಎರಡನ್ನೂ ಒಂದೇ ಮೈಯಲ್ಲಿ ತೋರಿಸುವ ಅವನ ಐಟಮ್ಮನ್ನು ಲೇಖಕಿ ಕೊಲೆತ್ 1936ರಲ್ಲಿ ಮೆಚ್ಚಿ ಬರೆದಳು.

ಮೊದಲ ದೊಡ್ಡ ಚಿತ್ರ ‘ಜೂರ್ ದ ಫೆತ್’ 1947ರಲ್ಲಿ ಸಾಂತ್-ಸೆವೇರ್ ಎಂಬ ಹಳ್ಳಿಯಲ್ಲಿ ಚಿತ್ರೀಕರಣವಾಯಿತು. ಅಮೆರಿಕದ ಅಂಚೆ ವೇಗವನ್ನು ಅನುಕರಿಸಲು ಹೋಗುವ ಸೈಕಲ್ ಪೋಸ್ಟ್‌ಮ್ಯಾನ್ ಒಬ್ಬನ ಕತೆ. ಅದನ್ನು ಥಾಮ್ಸನ್‌ಕಲರ್ ಎಂಬ ಹೊಸ ಫ್ರೆಂಚ್ ವರ್ಣ ವಿಧಾನದಲ್ಲಿ ತೆಗೆದರು. ಹೊಸ ವಿಧಾನ ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ಕಪ್ಪು-ಬಿಳುಪು ಫಿಲ್ಮಿನ ಎರಡನೇ ಕ್ಯಾಮೆರಾ ಓಡಿಸಿದರು. ಕೈಕೊಟ್ಟೇ ಬಿಟ್ಟಿತು: ಬಣ್ಣದ ನೆಗೆಟಿವ್‌ನಿಂದ ಪ್ರಿಂಟ್ ತೆಗೆಯಲು ಲ್ಯಾಬಿಗೆ ಆಗಲಿಲ್ಲ. 1949ರಲ್ಲಿ ಚಿತ್ರ ಕಪ್ಪು-ಬಿಳುಪಿನಲ್ಲೇ ಬಿಡುಗಡೆಯಾಗಿ ಗೆದ್ದಿತು. ಬಣ್ಣದ ರೂಪ ಜನ ನೋಡಿದ್ದು 1995ರಲ್ಲಿ, ಮಗಳು ಸೋಫಿ ತಾತಿಶೆಫ್ ಮತ್ತು ಛಾಯಾಗ್ರಾಹಕ ಫ್ರಾಂಸ್ವಾ ಎದ್ ಹಳೆಯ ನೆಗೆಟಿವ್ ಹಿಡಿದು ಕೂತ ಮೇಲೆ. ಎರಡನೇ ಕ್ಯಾಮೆರಾ ಇಲ್ಲದಿದ್ದರೆ ತಾತಿಯ ನಿರ್ದೇಶನ ಅಲ್ಲಿಗೇ ಮುಗಿಯುತ್ತಿತ್ತು.

ಆಗ ಅವನ ಜೊತೆಗೆ ಫ್ರೆಡ್ ಒರ್ಯಾಂ ಎಂಬ ನಿರ್ಮಾಪಕನಿದ್ದ. ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ ಕಾದಿ ಫಿಲ್ಮ್ಸ್. ಪೈಪು ಬಾಯಲ್ಲಿಟ್ಟುಕೊಂಡು, ಮುಂದಕ್ಕೆ ಬಾಗಿ, ಹಿಮ್ಮಡಿ ಊರದೆ ನಡೆಯುವ, ತಾತಿಯೇ ಮಾಡಿದ ಹುಲೋ ಪಾತ್ರ ಮೊದಲು ಕಾಣಿಸಿದ 1953ರ ಚಿತ್ರವೂ ಅದೇ ಸಂಸ್ಥೆಯದು. ಆಮೇಲೆ ಇಬ್ಬರಿಗೂ ಮನಸ್ತಾಪವಾಯಿತು. ತಾತಿ ತನ್ನದೇ ಸ್ಪೆಕ್ತಾ ಫಿಲ್ಮ್ಸ್ ಮಾಡಿಕೊಂಡ. 1958ರ ‘ಮೊನ್ ಓಂಕ್ಲ್’ (ಅಂದರೆ ‘ನನ್ನ ಅಂಕಲ್’; ಹುಲೋ ಇಲ್ಲಿ ಹುಡುಗನ ತಾಯಿಯ ಒಡಹುಟ್ಟು, ಹಾಗಾಗಿ ನಮ್ಮ ‘ಸೋದರಮಾವ’ ಮೂಲ ಶೀರ್ಷಿಕೆಗಿಂತ ಕರಾರುವಾಕ್ಕು) ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿಯನ್ನೂ ವಿದೇಶಿ ಚಿತ್ರಕ್ಕಿರುವ ಆಸ್ಕರನ್ನೂ ತಂದಿತು. ನಿರ್ದೇಶಕ, ನಾಯಕ ನಟ, ನಿರ್ಮಾಪಕ, ಸಾಲಕ್ಕೆ ಸಹಿ ಹಾಕುವವನು, ನಾಲ್ಕೂ ಈಗ ಒಬ್ಬನೇ. ‘ಇಷ್ಟು ಸಾಕು, ಪ್ಯಾಕಪ್ ಮಾಡು’ ಎನ್ನುವ ಅಧಿಕಾರವಿದ್ದವರು ಆ ಕಚೇರಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಊರು ಕಟ್ಟಿದ್ದು ಏಕೆ, ಎಷ್ಟರಲ್ಲಿ

‘ಪ್ಲೇಟೈಮ್’ಗೆ ಬೇಕಾದ ಜಾಗಗಳೆಲ್ಲ ನಿಜದ ಪ್ಯಾರಿಸಿನಲ್ಲೇ ಇದ್ದವು: ವಿಮಾನ ನಿಲ್ದಾಣ, ಗಾಜಿನ ಕಚೇರಿ, ವಸ್ತುಪ್ರದರ್ಶನ, ಹೊಸ ರೆಸ್ಟೋರೆಂಟ್. ತೊಂದರೆ ಏನೆಂದರೆ, ಓರ್ಲಿ ವಿಮಾನ ನಿಲ್ದಾಣವನ್ನು ತಿಂಗಳುಗಟ್ಟಲೆ ಯಾರೂ ಬಿಟ್ಟುಕೊಡುವುದಿಲ್ಲ. ತಾತಿಗೆ ಬೇಕಾಗಿದ್ದು ಒಂದು ಬೆಳಗಿನ ಅನುಮತಿಯಲ್ಲ. ಹಿಂದೆ ಹಾದುಹೋಗುವ ಹತ್ತನೆಯ ಮನುಷ್ಯ ಎಷ್ಟನೇ ಹೆಜ್ಜೆಗೆ ತಿರುಗಬೇಕು ಎಂಬುದರ ಮೇಲಿನ ಹತೋಟಿ. ಆದ್ದರಿಂದ ಕಟ್ಟುವುದೆಂದು ತೀರ್ಮಾನವಾಯಿತು.

ಜಾಗ ಸಿಕ್ಕಿದ್ದು ಪ್ಯಾರಿಸಿನ ಆಗ್ನೇಯ ಅಂಚಿನಲ್ಲಿ, ವ್ಯಾಂಸೆನ್ ಕಾಡಿನ ಬಳಿ, ಜ್ವಾಂವಿಲ್ ಸಮೀಪ. ಕಲಾ ನಿರ್ದೇಶಕ ಯೂಜೆನ್ ರೋಮಾನ್. 1964ರ ಶರತ್ಕಾಲದಲ್ಲಿ ಶುರುವಾಗಿ 1965ರ ಮಾರ್ಚ್ ಹೊತ್ತಿಗೆ ನೂರು ಜನ ಕೆಲಸಗಾರರು ಎಬ್ಬಿಸಿದ್ದರಲ್ಲಿ 4,86,000 ಚದರಡಿ ಕಾಂಕ್ರೀಟ್, 38,700 ಚದರಡಿ ಪ್ಲಾಸ್ಟಿಕ್, 31,500 ಚದರಡಿ ಮರ, 11,700 ಚದರಡಿ ಗಾಜು. ಸ್ವಂತ ವಿದ್ಯುತ್ ಸ್ಥಾವರ, ಒಳಬರಲು ರಸ್ತೆ, ಒಂದನೇ ಕಟ್ಟಡದಲ್ಲಿ ನಿಜವಾಗಿಯೂ ಓಡುವ ಎಸ್ಕಲೇಟರ್. ದೂರದ ಕಟ್ಟಡಗಳು ಮಾತ್ರ ಅಳತೆ ಕಡಿಮೆ ಮಾಡಿದ ಮುಖವಾಡಗಳು. ಚಕ್ರದ ಮೇಲೆ ಕೂರಿಸಿದ್ದರಿಂದ ಬೇಕಾದ ಕಡೆ ತಳ್ಳಿ ಹೊಸ ಬೀದಿ ಮಾಡಿಕೊಳ್ಳಬಹುದಿತ್ತು. ಪತ್ರಿಕೆಯವರು ಇದಕ್ಕೆ ‘ತಾತಿವಿಲ್’, ಅಂದರೆ ತಾತಿಯ ಊರು, ಎಂದರು.

ಇಷ್ಟೆಲ್ಲ ಕೇಳಿ ಹೌಹಾರುವ ಅಗತ್ಯವಿಲ್ಲ. ಒಬ್ಬ ದೊಡ್ಡ ತಾರೆಯ ಸಂಭಾವನೆಗಿಂತ ಸೆಟ್ಟು ದುಬಾರಿಯೇನಲ್ಲ ಎಂದು ತಾತಿ ವಾದಿಸುತ್ತಿದ್ದ. ಅವನ ಚಿತ್ರದಲ್ಲಿ ತಾರೆಗಳಿರಲಿಲ್ಲ. ಅಮೆರಿಕನ್ ಪ್ರವಾಸಿ ಹೆಂಗಸರ ಪಾತ್ರ ಮಾಡಿದವರಲ್ಲಿ ಹಲವರು ಪ್ಯಾರಿಸ್ ಬಳಿಯ ಸೇನಾ ನೆಲೆಯ ಅಮೆರಿಕನ್ ಅಧಿಕಾರಿಗಳ ಹೆಂಡಂದಿರು. ಮುಖ್ಯ ಯುವತಿ ಬಾರ್ಬರಾ ಡೆನೆಕ್ ಫ್ರಾನ್ಸಿನಲ್ಲಿ ಮನೆಗೆಲಸ ಮಾಡಿಕೊಂಡು ಭಾಷೆ ಕಲಿಯಲು ಬಂದಿದ್ದ ಜರ್ಮನ್ ಹುಡುಗಿ. ಮುಂದೆ ಈ ಊರನ್ನು ಸಿನಿಮಾ ಕಲಿಯುವ ಹುಡುಗರಿಗೆ ಸ್ಟುಡಿಯೋ ಆಗಿ ಬಿಟ್ಟುಕೊಡುವ ಯೋಚನೆಯೂ ಇತ್ತು. ಸೆಟ್ಟನ್ನು ಒಂದು ಸಲದ ಖರ್ಚು ಎಂದು ಹಿಡಿದರೆ ಅವನ ವಾದ ನಿಲ್ಲುತ್ತದೆ.

ನಿಲ್ಲದಿರುವುದು ಇಲ್ಲಿ: ತಾರೆಯ ಕಾಲ್‌ಶೀಟ್ ಮುಗಿದ ದಿನ ಅವರ ಖರ್ಚೂ ಮುಗಿಯಿತು. ಸೆಟ್ಟು ಹಾಗಲ್ಲ. ಚಿತ್ರೀಕರಣ ನಡೆಯಲಿ, ನಿಲ್ಲಲಿ, ಅದಕ್ಕೆ ಕಾವಲು ಬೇಕು, ಕರೆಂಟು ಬೇಕು, ಮಳೆ ಬಂದರೆ ಬಣ್ಣ ಬೇಕು, ಗಾಳಿ ಬಂದರೆ ಗಾಜು ಬೇಕು. ಬಯಲಲ್ಲಿ ನಿಂತ ಸೆಟ್ಟಾದ್ದರಿಂದ ಯುರೋಪಿನ ಚಳಿಗಾಲವನ್ನು ಪೂರ್ತಿ ಮೈಮೇಲೆ ಎಳೆದುಕೊಂಡಿತು. ಬಿರುಗಾಳಿಯ ಆ 14 ಲಕ್ಷ ಹೋದದ್ದು ಹೀಗೆ.

ದಿನಗಳು ಎಲ್ಲಿ ಕರಗಿದವು

1965ರಲ್ಲಿ ಶುರುವಾದ ಚಿತ್ರೀಕರಣ ನಿಂತು ನಿಂತು ಸಾಗಿತು. ಕಟ್ಟುವ ಕೆಲಸದಿಂದ ಬಿಡುಗಡೆಯವರೆಗೆ ಮೂರು ವರ್ಷ. ಇದಕ್ಕೆ ‘ನಿರ್ದೇಶಕನ ಹಟ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಕಾರಣದ ಬಹುಪಾಲು ಅವನು ಆರಿಸಿಕೊಂಡ ಫಿಲ್ಮಿನಲ್ಲೇ ಇತ್ತು.

ಚಿತ್ರವನ್ನು 70 ಎಂಎಂಗೆ ತೆಗೆದರು. ಕ್ಯಾಮೆರಾದೊಳಗೆ ಓಡುವುದು 65 ಎಂಎಂ ನೆಗೆಟಿವ್. ಪ್ರಿಂಟ್ ತೆಗೆಯುವಾಗ ಆರು ಟ್ರ್ಯಾಕ್ ಮ್ಯಾಗ್ನೆಟಿಕ್ ಧ್ವನಿಗೆ ಜಾಗ ಬೇಕೆಂದು ಅದು 70 ಆಗುತ್ತದೆ. ಒಂದು ಫ್ರೇಮಿನ ವಿಸ್ತೀರ್ಣ 35 ಎಂಎಂ ಫ್ರೇಮಿನ ಮೂರು ಪಟ್ಟಿಗೂ ಹೆಚ್ಚು. ನಿಮಿಷಕ್ಕೆ ಓಡುವ ಫಿಲ್ಮು 35 ಎಂಎಂನಲ್ಲಿ ಸುಮಾರು 27 ಮೀಟರ್ ಆದರೆ ಇದರಲ್ಲಿ 34 ಮೀಟರ್, ಅದೂ ಹೆಚ್ಚುಕಡಿಮೆ ಎರಡರಷ್ಟು ಅಗಲದ್ದು. ಹಾಳಾದ ಪ್ರತಿ ಟೇಕಿಗೂ ಬಿಲ್ಲು ಅಷ್ಟು ಜೋರು.

ಫಿಲ್ಮಿನ ಬೆಲೆ ಬಿಡಿ, ಬೆಳಕಿನ ಕತೆ ಅದಕ್ಕಿಂತ ಕಷ್ಟ. ತಾತಿ ಕ್ಲೋಸಪ್ ಬಳಸುವುದಿಲ್ಲ. ಮುಂದಿನ ಮೇಜಿನಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಫೋಕಸ್‌ನಲ್ಲಿ ಇರಬೇಕು. ಆದರೆ ನೆಗೆಟಿವ್ ದೊಡ್ಡದಾದಷ್ಟೂ ಅದೇ ನೋಟ ಹಿಡಿಯಲು ಹೆಚ್ಚು ಫೋಕಲ್ ಲೆಂತ್ ಬೇಕು, ಆಗ ಫೋಕಸ್‌ನ ಆಳ ಕಡಿಮೆಯಾಗುತ್ತದೆ. ಆಳ ವಾಪಸು ಬೇಕೆಂದರೆ ಲೆನ್ಸಿನ ಬಾಯಿ ಕಿರಿದು ಮಾಡಬೇಕು. ಬಾಯಿ ಕಿರಿದಾದರೆ ಬೆಳಕು ಸಾಲದು. ಆ ಕಾಲದ ಈಸ್ಟ್‌ಮನ್ ಕಲರ್ ನೆಗೆಟಿವ್‌ನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಬರೀ 50 ಎಎಸ್ಎ. ಇವತ್ತಿನ ಡಿಜಿಟಲ್ ಕ್ಯಾಮೆರಾದವರು 800ರಿಂದ ಲೆಕ್ಕ ಶುರು ಮಾಡುತ್ತಾರೆ. ಸೆಟ್ಟಿಗೆ ಸ್ವಂತ ವಿದ್ಯುತ್ ಸ್ಥಾವರ ಇದ್ದದ್ದು ಜಂಬಕ್ಕಲ್ಲ. ಸಾಲದ್ದಕ್ಕೆ ಎಲ್ಲೆಲ್ಲೂ ಗಾಜು: ದೀಪ, ಕ್ಯಾಮೆರಾ, ತಂಡದವರು ಯಾವುದಾದರೊಂದು ಗಾಜಿನಲ್ಲಿ ಮೂಡಿಬಿಡುತ್ತಾರೆ. ಪ್ರತಿ ಕೋನಕ್ಕೂ ಗಾಜು ವಾರೆ ಮಾಡಿ, ಕಪ್ಪು ಬಟ್ಟೆ ಕಟ್ಟಿ, ಮತ್ತೆ ನೋಡಬೇಕು. ಹೊರಗಿನ ಆಕಾಶ ಹಿಂದಿನ ಶಾಟಿನ ಆಕಾಶಕ್ಕೆ ಹೊಂದದಿದ್ದರೆ ಕಾಯಬೇಕು. ಛಾಯಾಗ್ರಾಹಕರು ಝಾನ್ ಬದಾಲ್ ಮತ್ತು ಆಂದ್ರೆಯಾಸ್ ವಿಂಡಿಂಗ್. ಅವರ ಎಷ್ಟು ದಿನ ಬರೀ ಕಾಯುವುದರಲ್ಲಿ ಹೋಗಿರಬಹುದು ಎಂಬುದನ್ನು ಆ ಗಾಜಿನ ಬೀದಿ ನೋಡಿದವರು ಊಹಿಸಬಹುದು.

ಇನ್ನು ನಟರು. ಒಂದೇ ಫ್ರೇಮಿನಲ್ಲಿ ನಾಲ್ಕೈದು ಕಡೆ ನಾಲ್ಕೈದು ತಮಾಷೆ ಒಟ್ಟಿಗೆ ನಡೆಯುತ್ತವೆ. ಸಾಮಾನ್ಯ ಚಿತ್ರದಲ್ಲಿ ಹಿಂದಿನ ಜೂನಿಯರ್ ಆರ್ಟಿಸ್ಟ್ ತಪ್ಪು ಹೆಜ್ಜೆ ಹಾಕಿದರೆ ಯಾರಿಗೂ ಕಾಣದು, ಎಡಿಟಿಂಗ್‌ನಲ್ಲಿ ನಾಯಕನ ಮುಖಕ್ಕೆ ಹಾರಿಬಿಡಬಹುದು. ಇಲ್ಲಿ ಹಾರಲು ಇನ್ನೊಂದು ಶಾಟ್ ಇಲ್ಲ; ಒಬ್ಬ ಕೆಟ್ಟರೆ ಇಡೀ ಟೇಕ್ ಕೆಟ್ಟಿತು. ತಾತಿ ಪ್ರತಿಯೊಬ್ಬರ ಪಾತ್ರವನ್ನೂ ತಾನೇ ಮಾಡಿ ತೋರಿಸುತ್ತಿದ್ದ. ಖರ್ಚು ಉಳಿಸಲೆಂದು ದೂರದ ಜನರ ಜಾಗದಲ್ಲಿ ಆಳೆತ್ತರದ ರಟ್ಟಿನ ಫೋಟೋಗಳನ್ನು ನಿಲ್ಲಿಸಿದ್ದೂ ಉಂಟು. ಉಳಿತಾಯ ಎಂಬ ಪದ ಈ ಪ್ರಕರಣದಲ್ಲಿ ಬರುವ ಅಪರೂಪದ ಜಾಗ ಇದು.

ಇಷ್ಟು ಶ್ರಮದ ಫಲ ನೋಡಬೇಕೆಂದರೆ ಕಾರಿಡಾರಿನ ದೃಶ್ಯ ಸಾಕು. ಹುಲೋ ಕಚೇರಿಯೊಂದರಲ್ಲಿ ಜಿಫಾರ್ ಎಂಬ ಅಧಿಕಾರಿಗಾಗಿ ಕಾಯುತ್ತಿದ್ದಾನೆ. ಪಕ್ಕದಲ್ಲಿ ವಯಸ್ಸಾದ ದ್ವಾರಪಾಲಕ. ಉದ್ದ ಕಾರಿಡಾರಿನ ತುತ್ತತುದಿಯಲ್ಲಿ ಚುಕ್ಕೆಯಷ್ಟು ಮನುಷ್ಯ, ಟಕ್ ಟಕ್ ಬೂಟಿನ ಸದ್ದು. ಹುಲೋ ಏಳಲು ಹೋಗುತ್ತಾನೆ, ‘ಇನ್ನೂ ಇದೆ, ಕೂತ್ಕೋ’ ಎಂಬಂತೆ ಮುದುಕ ಸನ್ನೆ ಮಾಡುತ್ತಾನೆ. ಸದ್ದು ಬರುತ್ತಲೇ ಇದೆ, ಮನುಷ್ಯ ಬರುತ್ತಲೇ ಇದ್ದಾನೆ. ಕಟ್ ಇಲ್ಲ. ಕಚೇರಿಯೊಂದರಲ್ಲಿ ಕಾಯ್ದ ಯಾರಿಗಾದರೂ ನಗು ಬರುವುದು ಆ ಉದ್ದಕ್ಕೆ. ಈ ಧ್ವನಿಯೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕ್ಲೋಸಪ್ ಇಲ್ಲದ ಚಿತ್ರದಲ್ಲಿ ನೋಡುಗನ ಕಣ್ಣನ್ನು ಬೇಕಾದ ಮೂಲೆಗೆ ಕರೆದೊಯ್ಯುವುದು ಧ್ವನಿಯೇ. ಬೂದುಬಣ್ಣದ ಊರಲ್ಲಿ ಅಲ್ಲಲ್ಲಿ ಒಂದು ತೊಟ್ಟು ಗಾಢ ಬಣ್ಣ ಇಡುವುದು ಅದರ ಎರಡನೇ ಉಪಾಯ.

ಕೊನೆಯ ಭಾಗದ ‘ರಾಯಲ್ ಗಾರ್ಡನ್’ ರೆಸ್ಟೋರೆಂಟಿನಲ್ಲಿ ಇದು ಅತಿರೇಕಕ್ಕೆ ಹೋಗುತ್ತದೆ. ಮುಕ್ಕಾಲು ಗಂಟೆಯ ಹತ್ತಿರ ಅದೊಂದೇ ರಾತ್ರಿ. ಬಾಗಿಲಿನ ಗಾಜು ಒಡೆದು ಚೂರಾಗುತ್ತದೆ. ದ್ವಾರಪಾಲಕ ಉಳಿದ ಹಿತ್ತಾಳೆ ಹಿಡಿಕೆಯನ್ನು ಗಾಳಿಯಲ್ಲೇ ಹಿಡಿದು, ಇಲ್ಲದ ಬಾಗಿಲನ್ನು ಗಿರಾಕಿಗಳಿಗೆ ತೆರೆದು ಮುಚ್ಚುತ್ತಾನೆ. ಮೇಜೊಂದರ ಬಳಿ ತಂದಿಟ್ಟ ಮೀನಿಗೆ ಒಬ್ಬ ವೇಟರ್ ಮಸಾಲೆ ಹಾಕಿ ಹೋಗುತ್ತಾನೆ, ಇನ್ನೊಬ್ಬ ಬಂದು ಮತ್ತೆ ಹಾಕುತ್ತಾನೆ, ಮತ್ತೊಬ್ಬ ಮತ್ತೆ. ಬಡಿಸುವುದು ಮಾತ್ರ ಯಾರೂ ಇಲ್ಲ. ಹೊಸ ಕುರ್ಚಿಯ ಬೆನ್ನಿನ ಕಿರೀಟದ ಅಚ್ಚು ಕೂತವರ ಬೆನ್ನ ಮೇಲೆಲ್ಲ. ಒಮ್ಮೆಗೆ ಇದರಲ್ಲಿ ಅರ್ಧವೂ ಕಣ್ಣಿಗೆ ಬೀಳುವುದಿಲ್ಲ. ಅದು ಚಿತ್ರದ ಹೆಚ್ಚುಗಾರಿಕೆ. ಟಿಕೆಟ್ ಕೌಂಟರಿನ ಮಟ್ಟಿಗೆ ಅದೇ ಅದರ ಸಂಕಟ.

ಬಡ್ಡಿ ಮತ್ತು ಬಿಡುಗಡೆ

ಒಟ್ಟು ವೆಚ್ಚ ಒಂದೂವರೆ ಕೋಟಿ ಫ್ರಾಂಕ್ ದಾಟಿತು. ಸಂಸ್ಥೆಯ ಹಣ ಮುಗಿದಾಗ ಬ್ಯಾಂಕ್ ಸಾಲ, ಅದೂ ಸಾಲದಾದಾಗ ತಾತಿಯ ಸ್ವಂತ ಹೆಸರಿನಲ್ಲಿ ಓವರ್‌ಡ್ರಾಫ್ಟ್. ಗಾಂಧಿನಗರದ ಮಾತಿನಲ್ಲಿ ಹೇಳುವುದಾದರೆ, ಕ್ಯಾಮೆರಾ ನಿಂತರೂ ಬಡ್ಡಿ ಮೀಟರ್ ನಿಲ್ಲಲಿಲ್ಲ. ದುಡ್ಡಿಲ್ಲದೆ ಚಿತ್ರೀಕರಣ ನಿಂತ ಪ್ರತಿ ಸಲವೂ ಸೆಟ್ಟಿನ ಪಾಲನೆ ಮತ್ತು ಬಡ್ಡಿ ಸೇರಿ ಸಾಲ ಬೆಳೆಯಿತು. ಬೆಳೆದ ಸಾಲಕ್ಕೆ ಹೆದರಿ ಅರ್ಧಕ್ಕೆ ಕೈಬಿಟ್ಟರೆ ಹಾಕಿದ್ದೆಲ್ಲ ಮಣ್ಣುಪಾಲು. ಹುಲಿ ಸವಾರಿ. ಒರ್ಯಾಂನಂಥವನೊಬ್ಬ ಇದ್ದಿದ್ದರೆ ರೆಸ್ಟೋರೆಂಟನ್ನು ಮುಚ್ಚಿದ ಸ್ಟುಡಿಯೋದಲ್ಲಿ ಮೊದಲು ಮುಗಿಸಿ, ಬಯಲ ಬೀದಿಯನ್ನು ಒಂದೇ ಬೇಸಿಗೆಗೆ ಬಿಗಿಮಾಡಿ, ಮಿಕ್ಕ ಕಟ್ಟಡ ಕೆಡವಿಸಬಹುದಿತ್ತು ಅನ್ನಿಸುತ್ತದೆ. ಹಾಗೆ ಮಾಡಿದ್ದರೆ ಚಿತ್ರ ಇದೇ ಚಿತ್ರವಾಗಿರುತ್ತಿತ್ತೇ ಎನ್ನುವುದು ಬೇರೆ ಪ್ರಶ್ನೆ.

ಇಷ್ಟಾದರೂ ದಾರಿ ಪೂರ್ತಿ ಮುಚ್ಚಿರಲಿಲ್ಲ. 1967ರ ಡಿಸೆಂಬರ್ 16ರಂದು ಪ್ಯಾರಿಸಿನ ಎಂಪೈರ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಉದ್ದ ಸುಮಾರು ಎರಡೂವರೆ ಗಂಟೆ. ತಾತಿಯ ಷರತ್ತು: 70 ಎಂಎಂ ಮತ್ತು ಸ್ಟೀರಿಯೋ ಇರುವ ಮಂದಿರದಲ್ಲಿ ಮಾತ್ರ. ಪ್ರಾಣ ತೆಗೆದ ತಪ್ಪು ಇದು. ದೊಡ್ಡ 70 ಎಂಎಂ ಚಿತ್ರಗಳಿಗೆ ಆಗಲೇ ಒಂದು ರೂಢಿ ಇತ್ತು: ಮೊದಲು ಮಹಾನಗರಗಳ ದೊಡ್ಡ ಪರದೆಯಲ್ಲಿ ದುಬಾರಿ ಟಿಕೆಟ್, ಆಮೇಲೆ ಅದೇ ನೆಗೆಟಿವ್‌ನಿಂದ 35 ಎಂಎಂಗೆ ಇಳಿಸಿದ ಪ್ರಿಂಟ್ ಊರೂರಿಗೆ. ದುಡ್ಡು ಹೆಚ್ಚಾಗಿ ಬರುವುದು ಈ ಎರಡನೇ ಸುತ್ತಿನಲ್ಲಿ. ಸಣ್ಣ ಪ್ರಿಂಟಿನಲ್ಲಿ ಹಿಂದಿನ ಸಾಲಿನ ತಮಾಷೆಗಳು ಕಾಣುವುದಿಲ್ಲ ಎಂದು ತಾತಿ ಮೊದಮೊದಲು ಆ ಸುತ್ತಿಗೆ ಒಪ್ಪಲಿಲ್ಲ. ಕಾಣುವುದಿಲ್ಲ ಎಂಬುದು ನಿಜವೇ. ಆದರೆ ಆಸ್ಕರ್ ಗೆದ್ದವನ ಹೊಸ ಚಿತ್ರಕ್ಕೆ ಕಾಯುತ್ತಿದ್ದ ಸಣ್ಣ ಊರುಗಳ ಮಂದಿರಗಳಲ್ಲಿ 70 ಎಂಎಂ ಪ್ರೊಜೆಕ್ಟರೇ ಇರಲಿಲ್ಲ. ‘ಜೂರ್ ದ ಫೆತ್’ನಲ್ಲಿ ಪಕ್ಕಕ್ಕೊಂದು ಕ್ಯಾಮೆರಾ ಇಟ್ಟುಕೊಂಡಿದ್ದ ಮನುಷ್ಯ ಈ ಸಲ ಪಕ್ಕದ ದಾರಿಯನ್ನು ತಾನೇ ಮುಚ್ಚಿಕೊಂಡ.

ನೋಡಿದವರಿಗೂ ಗೊಂದಲ. ಜನ ಬಂದದ್ದು ಹುಲೋನನ್ನು ನೋಡಲು. ಚಿತ್ರದಲ್ಲಿ ಹುಲೋ ಗುಂಪಿನಲ್ಲಿ ಒಬ್ಬ, ಸಾಲದ್ದಕ್ಕೆ ಅವನಂತೆಯೇ ಕೋಟು ಹಾಕಿದ ನಕಲಿ ಹುಲೋಗಳು ಅಲ್ಲಲ್ಲಿ ಸುಳಿದು ದಾರಿ ತಪ್ಪಿಸುತ್ತಾರೆ. ಎಲ್ಲರೂ ಸಮಾನ ಎಂಬುದು ಅವನ ಉದ್ದೇಶ. ಜಾಹೀರಾತಿನಲ್ಲಿ ಹೇಳಲಾಗದ ಉದ್ದೇಶ.

ಬಿಡುಗಡೆಯ ನಂತರ ತಾತಿ ಕತ್ತರಿ ಹಿಡಿದ. ಮ್ಯಾಗ್ನೆಟಿಕ್ ಧ್ವನಿಯ 70 ಎಂಎಂ ಪ್ರಿಂಟ್ ಕತ್ತರಿಸುವುದು ಅಷ್ಟು ಸಲೀಸಲ್ಲ: ಪ್ರೊಜೆಕ್ಟರಿನಲ್ಲಿ ಧ್ವನಿ ಓದುವ ಹೆಡ್ ಚಿತ್ರದ ಗೇಟಿನಿಂದ 24 ಫ್ರೇಮ್, ಅಂದರೆ ಸರಿಯಾಗಿ ಒಂದು ಸೆಕೆಂಡ್ ದೂರದಲ್ಲಿರುತ್ತದೆ. ಚಿತ್ರ ನೋಡಿ ಕತ್ತರಿಸಿದಲ್ಲಿ ಧ್ವನಿ ಬೇರೆ ಕಡೆ ತುಂಡಾಗುತ್ತದೆ. ಹೆಜ್ಜೆ ಸದ್ದಿನ ಮೇಲೇ ನಿಂತ ಚಿತ್ರಕ್ಕೆ ಇದು ಸಣ್ಣ ಗಾಯವಲ್ಲ. ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1973ರಲ್ಲಿ, ಇನ್ನಷ್ಟು ಮೊಟಕಾಗಿ, 35 ಎಂಎಂನಲ್ಲಿ. ಯಾವುದನ್ನು ತಡೆಯಲು ಅಷ್ಟು ಕಷ್ಟಪಟ್ಟನೋ ಅದೇ ಆಯಿತು, ಆದರೆ ಅದರಿಂದ ದುಡ್ಡು ಹುಟ್ಟುವ ಹೊತ್ತು ಕಳೆದಿತ್ತು.

ಆಮೇಲೆ

ಸೆಟ್ಟನ್ನು ಕೆಡವಿದರು. ಕೆಡವುವ ಮೊದಲು ಅಲ್ಲೇ ಒಂದು ಕಿರುಚಿತ್ರ ತೆಗೆದಿದ್ದರು, ತಾತಿ ಮೂಕಾಭಿನಯದ ಪಾಠ ಹೇಳುವ ‘ಕೂರ್ ದು ಸ್ವಾರ್’; ನಿರ್ದೇಶನ ನಿಕೊಲಾ ರಿಬೋವ್ಸ್ಕಿ. ಸ್ಪೆಕ್ತಾ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸ್ಯಾಂ-ಝರ್ಮ್ಯಾಂನ ಮನೆ ಬಿಟ್ಟು ತಾತಿ ಹೊರಬಂದ.

ಕೆಲಸ ಬಿಡಲಿಲ್ಲ. ಸೆಪೆಕ್ ಎಂಬ ಸಣ್ಣ ಸಂಸ್ಥೆ ಮಾಡಿಕೊಂಡು, ಡಚ್ಚರ ಜೊತೆಗೂಡಿ 1971ರಲ್ಲಿ ‘ತ್ರಾಫಿಕ್’ ಮುಗಿಸಿದ. ಅದರಲ್ಲಿ ಹುಲೋ ಮತ್ತೆ ಮುಂದೆ ಬಂದು ನಿಂತಿದ್ದಾನೆ, ಆಮ್ಸ್ಟರ್‌ಡ್ಯಾಮ್ ಕಾರು ಪ್ರದರ್ಶನಕ್ಕೆ ಹೊರಟ ವಿನ್ಯಾಸಕಾರನಾಗಿ. ಯಾಕೆ ಮುಂದೆ ಬಂದ ಎಂದು ಸಾಲ ಕೊಟ್ಟವರಿಗೆ ವಿವರಿಸಬೇಕಿರಲಿಲ್ಲ. 1974ರ ‘ಪರಾದ್’ ಸ್ವೀಡನ್ ಟೆಲಿವಿಷನ್ನಿಗೆ, ಬಹುಪಾಲು ವಿಡಿಯೋದಲ್ಲಿ: 65 ಎಂಎಂ ನೆಗೆಟಿವ್‌ನಿಂದ ಅಲ್ಲಿಗೆ ಏಳೇ ವರ್ಷ. ಅಲ್ಲಿ ಅವನು ಸರ್ಕಸ್ ಅಂಗಳದಲ್ಲಿ ನಿಂತು ಮತ್ತೆ ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಸವಾರ ಆಗುತ್ತಾನೆ. ಸೆಟ್ಟು ಬೇಡದ, ಬಡ್ಡಿ ಹುಟ್ಟದ ಐಟಮ್ಮುಗಳು. 1977ರಲ್ಲಿ ಫ್ರೆಂಚ್ ಸಿನಿಮಾದ ಸೆಝಾರ್ ಗೌರವ ಪ್ರಶಸ್ತಿ ಬಂತು. 1982ರ ನವೆಂಬರಿನಲ್ಲಿ ತೀರಿಕೊಂಡ. ‘ಕನ್‌ಫ್ಯೂಷನ್’ ಎಂಬ ಚಿತ್ರಕತೆ ಕಾಗದದಲ್ಲೇ ಉಳಿಯಿತು.

ಕೈಬಿಟ್ಟ ಹಕ್ಕುಗಳನ್ನು ಮತ್ತೆ ಒಟ್ಟುಗೂಡಿಸಿ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಲು ಲೆ ಫಿಲ್ಮ್ ದ ಮೊನ್ ಓಂಕ್ಲ್ ಸಂಸ್ಥೆ ಹುಟ್ಟಿತು. ಮಗಳು ಸೋಫಿ 2001ರಲ್ಲಿ ಹೋದಳು. ಮರುವರ್ಷ ‘ಪ್ಲೇಟೈಮ್’ನ ಸರಿಪಡಿಸಿದ 70 ಎಂಎಂ ಪ್ರಿಂಟ್ ಕಾನ್‌ನಲ್ಲಿ ಓಡಿತು, ಈ ರೂಪ ಎರಡು ಗಂಟೆಗೆ ನಾಲ್ಕೈದು ನಿಮಿಷ ಹೆಚ್ಚು. ಈ ಕೆಲಸದಲ್ಲೂ ಇದ್ದವನು ‘ಜೂರ್ ದ ಫೆತ್’ನ ಬಣ್ಣ ಹೊರತೆಗೆದಿದ್ದ ಫ್ರಾಂಸ್ವಾ ಎದ್. ದೊಡ್ಡ ಪರದೆಯ ಮುಂದೆ ಕೂತು ಸಮಾಧಾನದಿಂದ ಹುಡುಕಿದರೆ, ಗಾಜಿನ ಕಟ್ಟಡಗಳ ಆಚೆ, ಓಡಾಡುವ ಜನರ ನಡುವೆ ಅಲುಗದೆ ನಿಂತ ರಟ್ಟಿನ ಮನುಷ್ಯರು ಒಬ್ಬೊಬ್ಬರಾಗಿ ಸಿಗುತ್ತಾರೆ.